ಗಾಳಿಗುಳ್ಳೆಯೊಳಗೊಂದು ಕೋಶಕೇಂದ್ರ

ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಾಯೋಗಿಕ ಪುಸ್ತಕದಲ್ಲಿ ಬರೆದುಕೊಂಡು ಬಂದ ಚಿತ್ರ ಇನ್ನೂ ನನ್ನ ಕಣ್ಣ ಮುಂದಿದೆ. ದುಂಡಗಿನ ಆಕಾರ, ದಪ್ಪ ಕಪ್ಪು ಅಂಚು, ಒಳಗೆಲ್ಲ ಖಾಲಿ. ಆ ಖಾಲಿಯ ನಟ್ಟನಡುವೆ ಒಂದು ಚುಕ್ಕೆ, ಅದಕ್ಕೆ ಗೆರೆ ಎಳೆದು ‘ಕೋಶಕೇಂದ್ರ’ ಅಂತ ಹೆಸರು. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಅಂತ ಅವನು ನೋಡಿದ್ದು ಗಾಳಿಗುಳ್ಳೆಯನ್ನು. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್‌ಸ್ಲಿಪ್ಪನ್ನು, ದೊಪ್ಪನೆ ಬಿಟ್ಟರೆ ಅಡಿಯಲ್ಲಿ ಸಿಕ್ಕಿಕೊಳ್ಳುವ ಗುಳ್ಳೆ ಅದು. ಚುಕ್ಕೆ ಮಾತ್ರ ಅವನ ಸ್ವಂತದ್ದು.

ಬೈಯಬೇಕು ಅಂತ ಬಾಯಿ ತೆರೆದವನು ಸುಮ್ಮನಾದೆ. ನಾನು ಹೈಸ್ಕೂಲು ಓದುವಾಗ ಸೂಕ್ಷ್ಮದರ್ಶಕ ಅನ್ನುವುದು ಮರದ ಪೆಟ್ಟಿಗೆಯೊಳಗಿನ ಉತ್ಸವಮೂರ್ತಿ. ತನಿಖೆಯ ದಿನ ಹೊರಗೆ ಬರುತ್ತಿತ್ತು, ದೂರದಿಂದ ದರ್ಶನ, ಸಂಜೆಗೆ ಮತ್ತೆ ಒಳಗೆ. ಈರುಳ್ಳಿ ಸಿಪ್ಪೆಯ ಕೋಶವನ್ನು ಒಂದು ಸಲವೂ ನೋಡದೆ ಪುಸ್ತಕದಿಂದ ಇಳಿಸಿ, ನೀಟಾಗಿ ಶೇಡ್ ಕೊಟ್ಟು ಹತ್ತಕ್ಕೆ ಹತ್ತು ತೆಗೆದುಕೊಂಡವನು ನಾನು. ಈ ಹುಡುಗ ಕೊನೇಪಕ್ಷ ಕಣ್ಣಿಟ್ಟು ನೋಡಿದ್ದ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುತ್ತಾ ಇಪ್ಪತ್ತು ವರ್ಷ ದಾಟಿದೆ. ಜೀವಕೋಶದ ಪಾಠ ಮಾಡುವ ರೀತಿಯನ್ನು ಆ ಗಾಳಿಗುಳ್ಳೆಯ ದಿನದಿಂದ ಬದಲಾಯಿಸಿಕೊಂಡೆ. ಏನೇನು ಮಾಡಿದೆ, ಎಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಶತ್ರು ಮಲೆನಾಡಿನ ಮಳೆಗಾಲ. ನಮ್ಮ ಶಾಲೆಯಲ್ಲಿ ಎರಡು ಸೂಕ್ಷ್ಮದರ್ಶಕ ಇದ್ದವು. ಆಗಸ್ಟಿನಲ್ಲಿ ಪೆಟ್ಟಿಗೆ ತೆಗೆದರೆ 40× ಮಸೂರದ ಮೇಲೆ ಜೇಡರ ಬಲೆಯಂಥದ್ದೇನೋ ಹಬ್ಬಿತ್ತು. ಬೂಷ್ಟು! ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು. ಕೋಶ ತೋರಿಸಬೇಕಾದ ಮಸೂರವನ್ನು ಕೋಶಗಳೇ ತಿಂದು ಹಾಕಿದವು ಅಂತ ಸ್ಟಾಫ್‌ರೂಮಿನಲ್ಲಿ ನಗುವಾಯಿತು. ನನಗೆ ನಗು ಬರಲಿಲ್ಲ. ಆಮೇಲಿಂದ ಅವುಗಳನ್ನು ಪೆಟ್ಟಿಗೆಯಲ್ಲಿ ಇಡುವುದನ್ನೇ ಬಿಟ್ಟು ಕಬ್ಬಿಣದ ಕಪಾಟಿನಲ್ಲಿಟ್ಟೆ. ಒಳಗೆ ಒಂದು ಹಳೇ ಕಾಲದ ತಂತಿ ಬಲ್ಬು, 15 ವ್ಯಾಟಿನದು, ಮಳೆಗಾಲ ಪೂರ್ತಿ ಉರಿಯುತ್ತದೆ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬೇಕಾಗಿರುವುದು ಬೆಳಕಲ್ಲ, ಬಿಸಿ. ಜೊತೆಗೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಮಕ್ಕಳು ತಂದುಕೊಡುತ್ತಾರೆ. ಇವತ್ತಿನವರೆಗೂ ಮತ್ತೊಂದು ಮಸೂರ ಹೋಗಿಲ್ಲ.

ಕೋಶ ಎದ್ದು ಕಾಣಲು ಹಾಕುವ ಬಣ್ಣದ್ದೂ ಒಂದು ಕಥೆ. ಸಫ್ರಾನಿನ್ ಎಂಬ ಬಣ್ಣದ ಬಾಟಲಿ ಒಣಗಿ ಹರಳಾಗಿತ್ತು. ಹೊಸದಕ್ಕೆ ಅರ್ಜಿ ಹಾಕಿ ಕಾಯುವ ಬದಲು ಮೆಡಿಕಲ್ ಶಾಪಿನಿಂದ ಟಿಂಕ್ಚರ್ ಅಯೋಡಿನ್ ತಂದೆ, ನೀರು ಬೆರೆಸಿ ತೆಳುಮಾಡಿದರೆ ಈರುಳ್ಳಿ ಸಿಪ್ಪೆಗೆ ಧಾರಾಳ ಸಾಕು. ಕೆನ್ನೆಯ ಕೋಶಕ್ಕೆ ಬೇಕಾದ ಮೆಥಿಲೀನ್ ಬ್ಲೂ ಸಿಕ್ಕಿದ್ದು ಶಿವಮೊಗ್ಗದಲ್ಲಿ, ಅಕ್ವೇರಿಯಂ ಅಂಗಡಿಯಲ್ಲಿ. ಮೀನಿಗೆ ಬೂಷ್ಟು ರೋಗ ಬಂದಾಗ ಹಾಕುವ ಔಷಧಿ ಅದೇ.

ಈರುಳ್ಳಿ ಸಿಪ್ಪೆ ಅಂದ ಕೂಡಲೇ ಮಕ್ಕಳು ಮೇಲಿನ ಒಣ ಕೆಂಪು ಸಿಪ್ಪೆಗೆ ಕೈ ಹಾಕುತ್ತಾರೆ. ಅದಲ್ಲ. ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ, ಒಳಗಿನ ರಸಭರಿತ ಪದರ ಒಂದನ್ನು ಬಿಡಿಸಿ, ಅದರ ಒಳಬಾಗಿದ ಕಡೆಯಿಂದ ಪಟ್ಟನೆ ಮುರಿಯಬೇಕು. ಮುರಿದ ಅಂಚಿನಲ್ಲಿ ಹಾಲಿನ ಕೆನೆಗಿಂತ ತೆಳುವಾದ ಪೊರೆ ನೇತಾಡುತ್ತದೆ. ಚಿಮಟದಲ್ಲಿ ಹಿಡಿದು ನಿಧಾನ ಎಳೆದು, ಕೂಡಲೇ ನೀರಿಗೆ ಬಿಡಬೇಕು. ತಡಮಾಡಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ದೇವರಿಗೂ ಕಷ್ಟ. ಅರ್ಧ ಬೆರಳುಗುರಿನಷ್ಟು ತುಂಡು ಸಾಕು. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ಮೆಲ್ಲಗೆ ಇಳಿಸಬೇಕು. ಗಾಳಿಗುಳ್ಳೆಗೆ ಇದೊಂದೇ ಮದ್ದು. ಆದರೂ ಈಗ ನಾನು ಬೇಕೆಂದೇ ಒಂದು ಗುಳ್ಳೆ ತುಂಬಿದ ಸ್ಲೈಡನ್ನು ಮೊದಲು ತೋರಿಸುತ್ತೇನೆ. ‘ಇದು ಕೋಶ ಅಲ್ಲ, ಇದರ ಮುಖ ನೆನಪಿಟ್ಟುಕೊಳ್ಳಿ’ ಅಂತ.

ಆಮೇಲೆ ಚಿತ್ರ. ಇಲ್ಲಿ ನನ್ನದು ಕಟ್ಟುನಿಟ್ಟು: ಪುಸ್ತಕ ಮುಚ್ಚಿ, ಕಂಡದ್ದನ್ನಷ್ಟೇ ಬರೆಯಿರಿ. ಮೊದಲ ವರ್ಷ ಅರ್ಧಕ್ಕರ್ಧ ಮಕ್ಕಳು ಈರುಳ್ಳಿ ಕೋಶದೊಳಗೆ ಆಹಾರ ತಯಾರಿಸುವ ಹಸಿರು ಕಾಳು, ಅಂದರೆ ಕ್ಲೋರೋಪ್ಲಾಸ್ಟ್, ಬರೆದಿದ್ದರು.

‘ಎಲ್ಲಿ ಕಂಡಿತು?’

‘ಸಸ್ಯಕೋಶ ಅಲ್ವಾ ಸಾರ್, ಇರಲೇಬೇಕಲ್ಲ.’

‘ಈರುಳ್ಳಿಯ ಒಳಗಡೆ ಹಸಿರು ಯಾವತ್ತಾದರೂ ನೋಡಿದ್ದೀಯಾ?’

ಆ ಹುಡುಗಿ ಯೋಚಿಸಿ ರಬ್ಬರ್ ತೆಗೆದುಕೊಂಡಳು. ಬಿಸಿಲು ತಾಗದ ಗಡ್ಡೆಯಲ್ಲಿ ಆಹಾರ ತಯಾರಿಸುವ ಕೆಲಸವಿಲ್ಲ, ಕೂಡಿಡುವ ಕೆಲಸ ಮಾತ್ರ. ಪುಸ್ತಕದ ‘ಸಸ್ಯಕೋಶ’ ಅನ್ನುವುದು ಎಲ್ಲ ಭಾಗಗಳನ್ನೂ ಒಂದೇ ಕಡೆ ತೋರಿಸಲು ಮಾಡಿದ ಚಿತ್ರ, ಹಾಗೆಯೇ ಇರುವ ಕೋಶ ಯಾವ ಗಿಡದಲ್ಲೂ ಸಿಗುವುದು ಕಷ್ಟ. ಮೈಟೋಕಾಂಡ್ರಿಯವೂ ನಮ್ಮ ಸ್ಲೈಡಿನಲ್ಲಿ ಕಾಣುವುದಿಲ್ಲ. ‘ಮೈಟೋಕಾಂಡ್ರಿಯ ಕೋಶದ ಶಕ್ತಿಕೇಂದ್ರ’ ಅನ್ನುವ ವಾಕ್ಯ ಎಲ್ಲರ ಬಾಯಲ್ಲೂ ಇದೆ, ಯಾವ ಶಕ್ತಿ, ಎಲ್ಲಿಂದ ಬಂತು ಅಂತ ಕೇಳಿದರೆ ಕ್ಲಾಸು ಗಪ್‌ಚಿಪ್. ಹೀಗೆ ಬಾಯಿಪಾಠವಾದ ವಾಕ್ಯಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಆದರೆ ಪರೀಕ್ಷೆ ಅನ್ನುವುದೂ ಇದೆಯಲ್ಲ. ಅದಕ್ಕೇ ಈಗ ಎಡಪುಟದಲ್ಲಿ ಕಂಡ ಚಿತ್ರ, ಬಲಪುಟದಲ್ಲಿ ಪುಸ್ತಕದ ಚಿತ್ರ. ಎರಡರ ನಡುವಿನ ವ್ಯತ್ಯಾಸವನ್ನು ಅಡಿಯಲ್ಲಿ ಬರೆಯಬೇಕು. ಅಂಕ ಕೊಡುವುದು ಅದಕ್ಕೆ.

ಕಂಡದ್ದನ್ನು ಬರೆಯಲು ಶುರು ಮಾಡಿದ ಮೇಲೆ ಪ್ರಶ್ನೆಗಳೇ ಬೇರೆ ಬಂದವು. ಕೋಶಕೇಂದ್ರ ಅಂತ ಹೆಸರಿದ್ದರೂ ಅದು ಗೋಡೆಗೆ ಆತುಕೊಂಡು ಮೂಲೆಯಲ್ಲಿ ಯಾಕೆ ಕೂತಿದೆ? ಯಾಕೆಂದರೆ ನಡುಮನೆಯನ್ನೆಲ್ಲ ರಸದಾನಿ ಆಕ್ರಮಿಸಿಕೊಂಡಿದೆ. ನೀರು ತುಂಬಿದ ಆ ದೊಡ್ಡ ಚೀಲ ಕೋಶದ್ರವ್ಯವನ್ನೂ ಕೋಶಕೇಂದ್ರವನ್ನೂ ಭಿತ್ತಿಯ ಕಡೆಗೆ ಒತ್ತಿಬಿಟ್ಟಿರುತ್ತದೆ. ಇನ್ನೊಬ್ಬ ಕೇಳಿದ, ಒಂದು ಕೋಶ ಎಷ್ಟು ಉದ್ದ? ಪ್ಲಾಸ್ಟಿಕ್ ಸ್ಕೇಲನ್ನೇ ಮಸೂರದ ಕೆಳಗಿಟ್ಟೆವು. 10× ಕಣ್ಣುಮಸೂರ, 10× ವಸ್ತುಮಸೂರದಲ್ಲಿ ಕಾಣುವ ಬೆಳಕಿನ ಚಕ್ರದ ಅಗಲ ನಮ್ಮದರಲ್ಲಿ ಸುಮಾರು 1.8 ಮಿಲಿಮೀಟರ್. ಆ ಅಗಲದಲ್ಲಿ ಉದ್ದುದ್ದಕ್ಕೆ ಆರು ಕೋಶ ಕೂತವು. ಅಂದರೆ ಒಂದೊಂದು 0.3 ಮಿಲಿಮೀಟರ್. ಭಾಗಾಕಾರ ಅಂದರೆ ಮಾರು ದೂರ ಓಡುವ ಹುಡುಗರೂ ಅವತ್ತು ಕುಳಿತು ಲೆಕ್ಕ ಮಾಡಿದರು.

ಕೆನ್ನೆಯ ಕೋಶದ ದಿನ ಮರ್ಯಾದೆ ಹೋದದ್ದು ನನ್ನದೇ. ಬಾಯಿ ಮುಕ್ಕಳಿಸಿ, ಟೂತ್‌ಪಿಕ್ಕಿನ ಮೊಂಡು ತುದಿಯಿಂದ ಕೆನ್ನೆಯ ಒಳಗೆ ಮೆಲ್ಲಗೆ ಸವರಿ, ಸ್ಲೈಡಿಗೆ ಒರೆಸಿ, ಒಂದು ಹನಿ ಮೆಥಿಲೀನ್ ಬ್ಲೂ. ಮಾದರಿಗೆ ಅಂತ ನನ್ನದನ್ನೇ ಮೊದಲು ತೋರಿಸಿದೆ. ನೀಲಿ ಚಪ್ಪಟೆ ಕೋಶಗಳ ಜೊತೆ ಕಂದು ಬಣ್ಣದ ಚೂರುಗಳು ರಾಶಿರಾಶಿ. ‘ಸಾರ್, ನಿಮ್ಮ ಕೋಶದಲ್ಲಿ ಅಡಿಕೆ ಇದೆ’ ಅಂದಿತು ಒಂದು ಧ್ವನಿ. ಮಧ್ಯಾಹ್ನದ ಎಲೆಯಡಿಕೆ ಅಲ್ಲಿತ್ತು. ಮಕ್ಕಳ ಸ್ಲೈಡುಗಳು ಸ್ವಚ್ಛವಾಗಿದ್ದವು. ಒಬ್ಬರ ಕಡ್ಡಿ ಇನ್ನೊಬ್ಬರು ಮುಟ್ಟಬಾರದು, ಬಳಸಿದ್ದನ್ನು ನಾನೇ ಸುಟ್ಟುಬಿಡುತ್ತೇನೆ. ರಕ್ತ ತೆಗೆಯುವ ಪ್ರಯೋಗ ಮಾತ್ರ ನನ್ನ ಕ್ಲಾಸಿನಲ್ಲಿ ಇಲ್ಲವೇ ಇಲ್ಲ, ಯಾರು ಎಷ್ಟು ಹಠ ಮಾಡಿದರೂ.

ಇಷ್ಟೆಲ್ಲ ಆದರೂ ಒಂದು ಕೊರತೆ ಕಾಡುತ್ತಿತ್ತು. ಮಕ್ಕಳು ನೋಡಿದ ಕೋಶಗಳೆಲ್ಲ ಗೋಡೆಗೆ ಹಚ್ಚಿದ ಹೆಂಚಿನ ಹಾಗೆ ಸುಮ್ಮನೆ ಬಿದ್ದಿದ್ದವು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ನೋಡಿದ್ದೂ ಸತ್ತ ಕೋಶಗಳ ಖಾಲಿ ಗೋಡೆಗಳನ್ನೇ. ‘ಜೀವ’ಕೋಶ ಅನ್ನುತ್ತೀರಲ್ಲ, ಜೀವ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ.

ಊರ ಕೆರೆಯ ಹೈಡ್ರಿಲಾ ಎಂಬ ನೀರುಗಿಡ ನನ್ನನ್ನು ಕಾಪಾಡಿತು. ನಮ್ಮ ಮಕ್ಕಳು ಅದನ್ನೂ ಪಾಚಿ ಅಂತಲೇ ಕರೆಯುತ್ತಾರೆ. ಅದರ ಎಲೆಯ ದಪ್ಪ ಎರಡೇ ಪದರ ಕೋಶ, ಹಾಗಾಗಿ ಕತ್ತರಿಸುವುದೂ ಬೇಡ, ಬಣ್ಣವೂ ಬೇಡ. ಒಂದು ಎಳೆಯ ಎಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು, 40×ನಲ್ಲಿ ನಡುನರದ ಪಕ್ಕ ನೋಡಬೇಕು. ಮೊದಲ ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕ್ಲೋರೋಪ್ಲಾಸ್ಟಿನ ಒಂದು ಹಸಿರು ಕಾಳು ಜರುಗುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಗೋಡೆಯ ಗುಂಟ ಹೋಗಿ, ಮೂಲೆಯಲ್ಲಿ ತಿರುಗಿ, ತೇರು ರಥಬೀದಿ ಸುತ್ತಿದ ಹಾಗೆ ಸುತ್ತು ಬರುತ್ತವೆ. ಕೋಶದೊಳಗಿನ ದ್ರವ್ಯ ಹೀಗೆ ಹರಿಯುವುದನ್ನು ಇಟಲಿಯ ಕೋರ್ಟಿ ಅನ್ನುವವರು 1774ರಲ್ಲೇ ನೀರುಸಸ್ಯದಲ್ಲಿ ಕಂಡಿದ್ದರು. ಕಾಳುಗಳು ತಾವೇ ಈಜುತ್ತಿಲ್ಲ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಹೆಜ್ಜೆ ಹಾಕುತ್ತಾ ಸುತ್ತಲಿನ ದ್ರವ್ಯವನ್ನೇ ಎಳೆದೊಯ್ಯುತ್ತದೆ. ನಮ್ಮ ತೋಳಿನ ಸ್ನಾಯು ಬಿಗಿಯುವುದೂ ಇದೇ ಜೋಡಿಯಿಂದ.

ಅವತ್ತು ಸಾಲು ಮುರಿದು ನೂಕುನುಗ್ಗಲಾಯಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಜೀವ ಇದೆ ಅಂತ ಕಂಡಾಯಿತು. ಸತ್ತರೆ ಏನಾಗುತ್ತದೆ ಅನ್ನುವುದಕ್ಕೆ ರಿಯೋ ಗಿಡ ಹಿಡಿದೆ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ನೇರಳೆ, ಅನೇಕರ ಮನೆಯಂಗಳದಲ್ಲಿ ಇರುತ್ತದೆ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಪೊರೆ ಬರುತ್ತದೆ. ಬಣ್ಣ ಇರುವುದು ರಸದಾನಿಯಲ್ಲಿ, ಹಾಗಾಗಿ ಪ್ರತಿ ಕೋಶವೂ ಬಾಯಿವರೆಗೆ ನೇರಳೆ ರಸ ತುಂಬಿದ ಡಬ್ಬಿಯಂತೆ ಕಾಣುತ್ತದೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕದಡಿ, ಕವರ್‌ಸ್ಲಿಪ್ಪಿನ ಒಂದು ಬದಿಗೆ ಒಂದು ಹನಿ ಬಿಟ್ಟು, ಇನ್ನೊಂದು ಬದಿಯಿಂದ ಬ್ಲಾಟಿಂಗ್ ಕಾಗದದಲ್ಲಿ ನೀರು ಹೀರಿಸಿದೆ. ಕೆಲವೇ ನಿಮಿಷ. ನೇರಳೆ ಬಣ್ಣ ಮೊದಲು ಮೂಲೆಗಳನ್ನು ಬಿಟ್ಟಿತು, ಆಮೇಲೆ ಗೋಡೆಯನ್ನೇ ಬಿಟ್ಟು ನಡುವಿನಲ್ಲಿ ಮುದ್ದೆಯಾಯಿತು. ಗೋಡೆ ಮಾತ್ರ ಇದ್ದಲ್ಲೇ ನಿಂತಿತ್ತು.

ಆ ಮುದ್ದೆಯ ಅಂಚಿನಲ್ಲಿರುವುದೇ ಕೋಶಪೊರೆ. ಅದರ ದಪ್ಪ 7–8 ನ್ಯಾನೊಮೀಟರ್ ಮಾತ್ರ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರ ಇರುವುದನ್ನು ಬಿಡಿಸಿ ತೋರಿಸಲು ಆಗದು. ಸುಖವಾಗಿದ್ದಾಗ ಭಿತ್ತಿಗೆ ಅಂಟಿಕೊಂಡು ಅಡಗಿರುವ ಪೊರೆ, ನೀರು ಕಳೆದುಕೊಂಡಾಗ ಭಿತ್ತಿಯಿಂದ ಬಿಟ್ಟುಕೊಂಡು ಇದ್ದೇನೆ ಅನ್ನುತ್ತದೆ. ನೀರನ್ನು ಹೊರಗೆ ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ನೇರಳೆ ಬಣ್ಣವನ್ನು ಹೊರಗೆ ಬಿಡುವುದಿಲ್ಲ. ಬೇಗನೆ ಬರೀ ನೀರು ಹಾಯಿಸಿದರೆ ಮುದ್ದೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ಇನ್ನೊಂದು ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ಬಣ್ಣವೆಲ್ಲ ನೀರಿಗೆ ಸೋರಿತು. ಅದರ ಮೇಲೆ ಎಷ್ಟು ಉಪ್ಪು ಸುರಿದರೂ ಕದಲಿಕೆಯಿಲ್ಲ. ಮೊದಲ ಸಲ ನಾನು ಉಪ್ಪು ನೀರಿನ ಸ್ಲೈಡನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದೆ, ಬಂದು ನೀರು ಹಾಯಿಸಿದರೆ ಒಂದು ಕೋಶವೂ ಏಳಲಿಲ್ಲ. ಈಗ ಗಡಿಯಾರ ನೋಡಿಯೇ ಮಾಡುತ್ತೇನೆ.

‘ನಮ್ಮನೆ ಮಾವಿನ ಮಿಡಿನೂ ಹೀಗೇ ಚಿರುಟುತ್ತೆ ಸಾರ್’ ಅಂದಳು ಒಬ್ಬ ಹುಡುಗಿ. ಮಲೆನಾಡಿನ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಒಂದು ಹನಿ ನೀರು ಹಾಕದಿದ್ದರೂ ಕೆಲವು ದಿನಕ್ಕೆ ಮಿಡಿ ಚಿರುಟಿ ಉಪ್ಪು ನೀರಿನಲ್ಲಿ ಮುಳುಗಿರುತ್ತದೆ. ಆದರೆ ಅವಳ ಮಾತು ಮುಗಿದಿರಲಿಲ್ಲ. ‘ಹಾಗಾದ್ರೆ ಚಿರುಟಿದ ಮಿಡಿನ ಬರೀ ನೀರಿಗೆ ಹಾಕಿದ್ರೆ ಮೊದಲಿನ ಹಾಗೆ ಆಗುತ್ತಾ?’

ನಾಳೆ ತಗೊಂಡು ಬಾ, ನೋಡೋಣ ಅಂದೆ.

ನಾಲ್ಕು ಮಿಡಿ ತಂದಳು, ಉಪ್ಪಿನಲ್ಲಿ ಹಾಕಿಟ್ಟಿದ್ದು, ಮಸಾಲೆ ಸೇರಿಸದ್ದು. ಎರಡನ್ನು ನೀರಿಗೆ ಹಾಕಿ ರಾತ್ರಿ ಪೂರ್ತಿ ಬಿಟ್ಟೆವು. ಬೆಳಿಗ್ಗೆ ಅವು ಸ್ವಲ್ಪ ಮೈದುಂಬಿದ್ದವು, ಸುಕ್ಕು ಮಾತ್ರ ಪೂರ್ತಿ ಹೋಗಿರಲಿಲ್ಲ, ಹಸಿ ಮಿಡಿಯ ಬಿಗುವೂ ಇರಲಿಲ್ಲ. ಹೋಳು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡೋಣ ಅಂದರೆ ನನ್ನ ಬ್ಲೇಡಿನ ಕೈಚಳಕಕ್ಕೆ ಹೋಳು ದಪ್ಪವಾಗಿ ಬರೀ ಕತ್ತಲೆ ಕಂಡಿತು. ಆದರೂ ಉತ್ತರ ಮಿಡಿಯಲ್ಲೇ ಇತ್ತು. ಪೊರೆಗೆ ಜೀವ ಇರುವಷ್ಟು ಹೊತ್ತು ಉಪ್ಪು ಹೊರಗೇ ನಿಲ್ಲಬೇಕು. ಮಿಡಿ ಓಟೆಯವರೆಗೂ ಉಪ್ಪಾಗಿದೆ ಅಂದರೆ ಕಾವಲು ಯಾವತ್ತೋ ಸತ್ತಿದೆ. ಇನ್ನು ನೀರಾದರೂ ಉಪ್ಪಾದರೂ ಬಾಗಿಲು ತೆರೆದೇ ಇರುತ್ತದೆ, ನೀರನ್ನು ಹಿಡಿದು ಬಿಗಿಯಾಗಿ ನಿಲ್ಲಿಸುವವರು ಒಳಗೆ ಯಾರೂ ಇಲ್ಲ.

ಇದನ್ನು ಅವಳು ಮನೆಗೆ ಹೋಗಿ ಅಜ್ಜಿಗೆ ಹೇಳಿದಳಂತೆ. ‘ಮಿಡಿ ಸತ್ತಿದೆಯೋ ಇಲ್ಲವೋ ನೋಡೋಕೆ ನಿಮ್ಮ ಮೇಷ್ಟ್ರಿಗೆ ಯಂತ್ರ ಬೇಕಾ? ಕಚ್ಚಿದ್ರೆ ಗೊತ್ತಾಗಲ್ವಾ?’ ಅಂದರಂತೆ ಅಜ್ಜಿ.

ನೀರಿಗೆ ಹಾಕದೆ ಉಳಿದಿದ್ದ ಎರಡು ಮಿಡಿಯನ್ನು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಮಜ್ಜಿಗೆ ಅನ್ನದ ಜೊತೆ ಮುಗಿಸಿದೆವು.