ಬಿಳಿ ನವಿಲು ಅಂದರೆ ನಾನು ನೋಡುವುದು ಕಣ್ಣು: ನನ್ನ ಅನುಭವ

ಮಧುಗಿರಿ, ಶಿರಾ, ಪಾವಗಡ ಕಡೆ ನವಿಲು ಈಗ ಹೊಲದ ಹಕ್ಕಿಯೇ ಆಗಿಬಿಟ್ಟಿದೆ. ಕಡಲೆಕಾಯಿ ಬಿತ್ತಿದರೆ ಸಾಲು ಕೆದಕುತ್ತದೆ, ರಾಗಿ ತೆನೆ ಬಲಿತರೆ ಬದುವಿನ ಮೇಲೆ ನಿಂತು ತಿನ್ನುತ್ತದೆ. ಹಾಗಾಗಿ ‘ನಮ್ಮ ಹೊಲಕ್ಕೆ ಬಿಳಿ ನವಿಲು ಬಂದಿದೆ’ ಎಂಬ ಸುದ್ದಿಯೂ, ಜೊತೆಗೊಂದು ಮಸುಕು ಫೋಟೊವೂ ಆಗಾಗ ಬರುತ್ತಿರುತ್ತವೆ. ಇಂಥ ಸುದ್ದಿಯನ್ನು ತಳ್ಳಿಹಾಕುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ಮಾಮೂಲಿ ನವಿಲನ್ನು ಎಲ್ಲ ವಯಸ್ಸಿನಲ್ಲೂ, ಎಲ್ಲ ಕಾಲದಲ್ಲೂ ನೋಡಿ ಗೊತ್ತಿದ್ದವರಿಗೆ ಮಾತ್ರ ಬಿಳಿಯದನ್ನು ಸರಿಯಾಗಿ ಗುರುತಿಸಲು ಬರುತ್ತದೆ.

ನೋಡುವುದಕ್ಕೆ ಒಳ್ಳೆಯ ಜಾಗ ಅವು ರಾತ್ರಿ ತಂಗುವ ಮರ. ಹುಣಸೆ, ಅರಳಿ, ಹಳೆಯ ಬೇವು, ಹೀಗೆ ಎತ್ತರದ ಮರವೊಂದನ್ನು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಮರದಿಂದ 100 ಮೀಟರಿಗೂ ಆಚೆ, ಪೂರ್ವಕ್ಕೆ ಬೆನ್ನು ಮಾಡಿ ಕೂರುತ್ತೇನೆ. ಬೆಳಕು ನೇರವಾಗಿ ಹಕ್ಕಿಯ ಮೇಲೆ ಬೀಳುತ್ತದೆ. ಎಂಟು ಪಟ್ಟು ಹತ್ತಿರ ತೋರಿಸುವ 8×42 ದುರ್ಬೀನು ಸಾಕು. ಬೆಳಗ್ಗೆ ಒಂದೊಂದಾಗಿ ಇಳಿಯುತ್ತವೆ, ಇಳಿದದ್ದನ್ನು ಅಲ್ಲಲ್ಲೇ ಗಂಡು, ಹೆಣ್ಣು, ಮರಿ ಎಂದು ಬರೆದುಕೊಳ್ಳಬೇಕು. ಸಂಜೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹತ್ತಿದ ಹಕ್ಕಿಯೇ ಕೊಂಬೆ ಬದಲಿಸಿ ಪಕ್ಕದ ಮರಕ್ಕೆ ಹಾರಿ, ಒಂದು ಎರಡಾಗುತ್ತದೆ. ಕೂಗಿನ ಮೇಲೆ ಎಣಿಸುವುದಂತೂ ಬೇಡವೇ ಬೇಡ. ಒಂದೇ ಗಂಡು ಹತ್ತು ಸಲ ಕೂಗುತ್ತದೆ, ಗುಡುಗಿಗೂ ಪಟಾಕಿಗೂ ಕೂಗುತ್ತದೆ.

ಗಂಡು ಹೆಣ್ಣಿನ ಗುರುತು ಹಿಡಿಯುವಾಗ ಬಹಳ ಮಂದಿ ಎಡವುವುದು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ. ಉದ್ದ ಗರಿಗಳೆಲ್ಲ ಆಗ ಉದುರಿ ಗಂಡು ಬೋಳಾಗಿ ಓಡಾಡುತ್ತದೆ. ದೂರದಿಂದ ನೋಡಿ ಹೆಣ್ಣೆಂದು ಬರೆದುಬಿಡುತ್ತಾರೆ, ಆ ವರ್ಷದ ಗಂಡು–ಹೆಣ್ಣಿನ ಲೆಕ್ಕವೇ ಕೆಡುತ್ತದೆ. ಗರಿ ಇಲ್ಲದಿದ್ದರೂ ಕತ್ತಿನ ನೀಲಿ, ರೆಕ್ಕೆಯ ಮೇಲಿನ ಕಪ್ಪು–ಬಿಳಿ ಗೆರೆ, ಹಾರುವಾಗ ತೆರೆದುಕೊಳ್ಳುವ ಇಟ್ಟಿಗೆ ಬಣ್ಣದ ರೆಕ್ಕೆಗರಿ, ಕಾಲಿನ ಮುಳ್ಳು ಎಲ್ಲವೂ ಇರುತ್ತವೆ. ಇಟ್ಟಿಗೆ ಬಣ್ಣದ ರೆಕ್ಕೆ ಎಳೆ ಗಂಡಿಗೂ ಉಂಟು. ಹೆಣ್ಣಿಗೆ ಕತ್ತಿನ ಕೆಳಭಾಗ ಹಸಿರು, ಮೈ ಕಂದು, ಹೊಟ್ಟೆ ಬಿಳಿಚು. ಎರಡನೇ ವರ್ಷದ ಗಂಡಿಗೆ ಕತ್ತು ನೀಲಿಯಾಗಿದ್ದರೂ ಹಿಂದಿನ ಗರಿ ಗಿಡ್ಡ, ಗರಿಯ ತುದಿಯಲ್ಲಿ ‘ಕಣ್ಣಿನ’ ಗುರುತು ಇರುವುದಿಲ್ಲ. ಗರಿ ಪೂರ್ತಿ ತುಂಬುವುದು ನಾಲ್ಕನೇ ವರ್ಷದ ಹೊತ್ತಿಗೆ. ಆ ಉದ್ದ ಗರಿಗಳು ಹುಟ್ಟುವುದು ಬಾಲದ ಮೇಲ್ಗಡೆ, ಬೆನ್ನಿನ ತುದಿಯಲ್ಲಿ. ಗರಿ ಬಿಚ್ಚಿದಾಗ ಹಿಂದೆ ಹೋಗಿ ನೋಡಿ: 20 ಗಿಡ್ಡ ಗರಿಗಳ ಬಾಲ ಬೇರೆಯೇ ಇದೆ, ಅಷ್ಟೂ ಭಾರಕ್ಕೆ ಆನಿಕೆ ಕೊಟ್ಟು ನಿಲ್ಲಿಸಿರುವುದು ಅದೇ.

ಇನ್ನು ‘ಬಿಳಿ ನವಿಲು’ ಫೋಟೊಗಳ ವಿಷಯ. ಮಧ್ಯಾಹ್ನದ ಬಿಸಿಲಿಗೆ ಎದೆ ಕೊಟ್ಟು ನಿಂತ ಮಾಮೂಲಿ ಹೆಣ್ಣು ಫೋನಿನಲ್ಲಿ ಪೂರ್ತಿ ಬಿಳಿಯಾಗಿಯೇ ಬರುತ್ತದೆ. ಹೀಗಾದಾಗ ಇನ್ನೊಂದು ಪಕ್ಕದಿಂದ ತೆಗೆದ ಚಿತ್ರ ಕೇಳುತ್ತೇನೆ. ಬಾಲ ಬೀಸಣಿಗೆಯಂತೆ ಬಿಚ್ಚಿದ ಬಿಳಿ ಟರ್ಕಿ ಕೋಳಿಯನ್ನು ಕಂಡು ನವಿಲೆಂದವರೂ ಇದ್ದಾರೆ. ತಲೆಯ ಮೇಲೆ ಜುಟ್ಟಿಲ್ಲ, ಕತ್ತಿನಲ್ಲಿ ಜೋಲುವ ಕೆಂಪು ಚರ್ಮ ಇದೆ ಅಂದರೆ ಅದು ಟರ್ಕಿ. ಮೂರನೆಯದನ್ನು ಹಿಡಿಯುವುದೇ ಕಷ್ಟ. ಕಪ್ಪು ಹೆಗಲಿನ ನವಿಲು ಎಂದೊಂದು ರೂಪ ಇದೆ, ಹೆಚ್ಚಾಗಿ ಸಾಕಣೆಯಲ್ಲಿ ಕಾಣುವಂಥದ್ದು. ಅದರ ಗಂಡಿಗೆ ರೆಕ್ಕೆಯ ಮೇಲೆ ಗೆರೆ ಇರುವುದಿಲ್ಲ, ಪೂರ್ತಿ ಕಪ್ಪು. ಹೆಣ್ಣು ಮಾತ್ರ ಕೆನೆ ಬಣ್ಣ, ಮೈಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ. ದೂರಕ್ಕೆ ಬಿಳಿ ಹೆಣ್ಣು ನವಿಲೇ ಅನಿಸುತ್ತದೆ. ಬೆನ್ನಿನ ಮೇಲೆ ಒಂದು ಚುಕ್ಕೆ ಕಂಡರೂ ನಾನು ಬಿಳಿ ಎಂದು ಬರೆಯುವುದಿಲ್ಲ. ಅಲ್ಲಲ್ಲಿ ಬಿಳಿ ಮಚ್ಚೆಯಿದ್ದು ಉಳಿದದ್ದು ನೀಲಿಯಾಗಿದ್ದರೆ ಅದು ಮಚ್ಚೆ ನವಿಲು, ಬರೆದುಕೊಳ್ಳುವಾಗ ಅದಕ್ಕೂ ಬೇರೆ ಸಾಲು.

ಇಷ್ಟೆಲ್ಲ ದಾಟಿ ಉಳಿದರೆ ಆಗ ಕಣ್ಣು. ಬಿಳಿ ನವಿಲಿನ ಕಣ್ಣಿನಲ್ಲಿ ಬಣ್ಣ ಇರುತ್ತದೆ, ಸಾಮಾನ್ಯವಾಗಿ ನೀಲಿ. ಗರಿಗೆ ಬಣ್ಣ ತುಂಬುವ ಕಣಗಳಷ್ಟೇ ಇಲ್ಲದ ಸ್ಥಿತಿ ಇದು, ಲ್ಯೂಸಿಸಂ ಅನ್ನುತ್ತಾರೆ. ಕಣ್ಣು ಗುಲಾಬಿ ಅಥವಾ ಕೆಂಪಾಗಿದ್ದರೆ ಮಾತ್ರ ಆಲ್ಬಿನೊ, ಅಂದರೆ ಕಣ್ಣಿನಲ್ಲೂ ಬಣ್ಣ ಇಲ್ಲದ್ದು. ಪತ್ರಿಕೆಗಳಲ್ಲಿ ಎರಡನ್ನೂ ಕಲಸಿ ಬರೆಯುತ್ತಾರೆ, ಬೇಸರವಾಗುತ್ತದೆ. ಫೋಟೊ ತೆಗೆಯುವವರು ಫೋನಿನ ಪರದೆಯಲ್ಲಿ ಹಕ್ಕಿಯ ಮೇಲೆ ಬೆರಳೊತ್ತಿ ಬೆಳಕನ್ನು ತುಸು ಇಳಿಸಿಕೊಳ್ಳಿ. ಇಲ್ಲವಾದರೆ ಬಿಳುಪು ಹೊಳೆದು ಕಣ್ಣೂ ಸಿಗುವುದಿಲ್ಲ, ಗರಿಯ ವಿನ್ಯಾಸವೂ ಸಿಗುವುದಿಲ್ಲ.

ಬಿಳಿ ಗರಿಯಲ್ಲೂ ಆ ‘ಕಣ್ಣು’ ಇದೆ, ಓರೆ ಬೆಳಕಿನಲ್ಲಿ ಮಸುಕು ಗುರುತಾಗಿ ಕಾಣುತ್ತದೆ. ಕಾರಣ ಗೊತ್ತಾಗಬೇಕಾದರೆ ಉದುರಿದ ಮಾಮೂಲಿ ಗರಿಯೊಂದನ್ನು ಕೈಗೆ ತೆಗೆದುಕೊಳ್ಳಿ. ಬೆಳಕು ಎದುರಿನಿಂದ ಬಿದ್ದಾಗ ನೀಲಿ, ಹಸಿರು. ಸೂರ್ಯನಿಗೆ ಅಡ್ಡ ಹಿಡಿದು ಹಿಂದಿನಿಂದ ಬೆಳಕು ಹಾಯಿಸಿದರೆ ಬರೀ ಕಂದು. ‘ಕಣ್ಣಿನ’ ಮೇಲೆ ನೀರು ಬಿಟ್ಟು ಬೆರಳಿನಿಂದ ಚೆನ್ನಾಗಿ ನೆನೆಸಿದರೆ ಹೊಳಪು ಸತ್ತು ಬಣ್ಣ ಮಂಕಾಗುತ್ತದೆ, ಒಣಗಿದರೆ ಮತ್ತೆ ಬರುತ್ತದೆ. ನೀಲಿ ಬಣ್ಣವೆಂಬ ವಸ್ತು ಆ ಗರಿಯಲ್ಲಿಲ್ಲ. ಗರಿಯ ಸಣ್ಣ ಎಳೆಗಳ ಒಳಗೆ ಮೆಲನಿನ್ ಎಂಬ ಕಪ್ಪು–ಕಂದು ಬಣ್ಣದ ವಸ್ತುವಿನ ಕಡ್ಡಿಗಳು ಸಾಲಾಗಿ ಜೋಡಿಸಿಕೊಂಡಿವೆ, ನಡುವೆ ಗಾಳಿ. ಸಾಲುಗಳ ಅಂತರ ಎಷ್ಟೋ ಅದರಂತೆ ಬೆಳಕು ನೀಲಿಯಾಗಿಯೋ ಹಸಿರಾಗಿಯೋ ಮರಳುತ್ತದೆ. ಮೆಲನಿನ್ ಇಲ್ಲದ ಬಿಳಿ ನವಿಲಿನಲ್ಲಿ ಆ ಜೋಡಣೆಯೇ ಇಲ್ಲ. ಗರಿಯ ಎಳೆಗಳ ಆಕಾರ ಮಾತ್ರ ಹಾಗೇ ಇದೆ, ಮಸುಕು ‘ಕಣ್ಣು’ ಕಾಣುವುದು ಅದರಿಂದ.

ಬಿಳುಪು ವಂಶದಲ್ಲಿ ಅಡಗಿ ಬರುವ ಗುಣ. ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಮರಿ ಬಿಳಿ. ನೋಡಲು ನೀಲಿಯಾಗಿದ್ದು ಒಳಗೆ ಬಿಳಿ ಗುಣ ಹೊತ್ತ ಎರಡು ಹಕ್ಕಿ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಬಿಳಿಯಾಗುವ ಸಾಧ್ಯತೆ. ಬಿಳಿಗೆ ಬಿಳಿ ಕೂಡಿಸಿದರೆ ಮರಿಗಳೆಲ್ಲ ಬಿಳಿಯೇ. ಮೊಟ್ಟೆಯಿಂದ ಬರುವಾಗ ಹಳದಿಯಾಗಿರುತ್ತವೆ, ಗರಿ ಬಂದಂತೆ ಬೆಳ್ಳಗಾಗುತ್ತವೆ. ಪಂಜರದಲ್ಲಿ ಇವು ಹೆಚ್ಚುವುದು ಹೀಗೆ. ಹೊಲದಲ್ಲಿ ಹೆಚ್ಚದಿರುವುದಕ್ಕೆ ಕಾರಣವೂ ಕಣ್ಣೆದುರಿಗೇ ಇದೆ: ಹೆಣ್ಣು ನೆಲ ಕೆರೆದು, ಹುಲ್ಲು, ಪೊದೆಯ ನಡುವೆ ನಾಲ್ಕರಿಂದ ಎಂಟು ಮೊಟ್ಟೆ ಇಟ್ಟು ಸುಮಾರು 28 ದಿನ ತಾನೊಂದೇ ಕಾವು ಕೂರುತ್ತದೆ. ಕಂದು ಮೈ ಒಣಹುಲ್ಲಿನಲ್ಲಿ ಕರಗಿಹೋಗುತ್ತದೆ, ಬಿಳಿ ಮೈ ನಾಯಿ, ನರಿಗಳ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. (ಗಂಡಿನ ಕಣ್ಣೀರು ಕುಡಿದು ಹೆಣ್ಣು ಮೊಟ್ಟೆ ಇಡುತ್ತದೆ ಎಂಬುದು ಸುಳ್ಳು. ನಾಟಿ ಕೋಳಿಯ ಹಾಗೆಯೇ ಕೂಡುತ್ತವೆ.)

ಕಳೆ ತೆಗೆಯುವಾಗ ಗೂಡು ಸಿಕ್ಕರೆ ಮೊಟ್ಟೆ ಮುಟ್ಟದೆ, ಸುತ್ತ ಎರಡು ಮಾರು ಬಿಟ್ಟು ಮುಂದೆ ಹೋಗಿ. ಮೊಟ್ಟೆ ತಂದು ಮನೆ ಕೋಳಿಯ ಕಾವಿಗೆ ಇಡುವುದು ಅಪರಾಧ. ಇನ್ನೊಂದು ವಿಷಯ: ವಿಷ ಸವರಿದ ಬಿತ್ತನೆ ಬೀಜ ಮೇಲೆ ಚೆಲ್ಲಿ ಉಳಿದರೆ ನವಿಲು ತಿಂದು ಸಾಯುತ್ತದೆ. ಬಿತ್ತಿದ ಮೇಲೆ ಸಾಲಿನ ತುದಿಗಳಲ್ಲಿ ಉಳಿದದ್ದನ್ನು ಮಣ್ಣು ಮುಚ್ಚಲೇಬೇಕು.

‘ಬಿಳಿಯದು ವಿದೇಶಿ ತಳಿ, ಸಾಕಬಹುದು’ ಎಂದು ಮಾರುವವರ ಮಾತು ಕೇಳಬೇಡಿ. ಬಿಳಿಯಾದರೂ ಅದು 1963ರಲ್ಲಿ ರಾಷ್ಟ್ರಪಕ್ಷಿಯಾದ ಅದೇ ಭಾರತೀಯ ನವಿಲು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ, ಅತಿ ಹೆಚ್ಚು ರಕ್ಷಣೆ ಪಡೆದ ಹಕ್ಕಿ. ಹಾಗಾಗಿ ಹೊಲದಲ್ಲಿ ನಿಜವಾದ ಬಿಳಿ ನವಿಲು ಕಂಡಾಗ ನಾನು ಇನ್ನೂ ಮೂರು ನೋಡುತ್ತೇನೆ: ಕಾಲಿನಲ್ಲಿ ಉಂಗುರ ಇದೆಯೇ, ಗರಿಯ ತುದಿ ತಂತಿಬಲೆಗೆ ಉಜ್ಜಿ ಮುರಿದಿದೆಯೇ, ಮನುಷ್ಯರನ್ನು ಕಂಡು ಓಡದೆ ಹತ್ತಿರ ಬರುತ್ತದೆಯೇ. ಇವುಗಳಲ್ಲಿ ಯಾವುದಿದ್ದರೂ ಅದು ಎಲ್ಲಿಂದಲೋ ತಪ್ಪಿಸಿಕೊಂಡ ಹಕ್ಕಿಯಿರಬಹುದು, ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸುತ್ತೇನೆ. ಯಾವುದೂ ಇಲ್ಲದೆ, ಉಳಿದ ನವಿಲುಗಳ ಜೊತೆಗೇ ಮರ ಹತ್ತಿ ಇಳಿಯುತ್ತಿದ್ದರೆ ದಿನಾಂಕ, ಹೊತ್ತು, ಮರ ಬರೆದಿಟ್ಟುಕೊಳ್ಳುತ್ತೇನೆ. ಊರಿನ ಹೆಸರು ಹಾಕಿ ಫೋಟೊ ಹರಿಬಿಡುವುದಿಲ್ಲ.