‘ಲೀನ್’ ಕಲಿಸುವುದು: ಕೋಲು, ಗ್ವಾಡಿ, ಆಶ್ರಯ

ಕಲಬುರಗಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ‘ಲೀನ್’ ಎಂದರೆ ‘ಒರಗು’ ಅಂತ ಬರೆಸಿ ಮುಂದೆ ಹೋಗುವುದಿಲ್ಲ. ಹೋದರೆ ‘ಲೀನ್ ಟು ದ ವಾಲ್’ ಬಂದೇ ಬರುತ್ತದೆ. ‘ಗ್ವಾಡಿಗಿ ಆನ್ಕೊಂಡು ನಿಂತಾನ’ ಎಂಬಲ್ಲಿನ ‘ಗಿ’ ಎಂಬ ಚತುರ್ಥಿ ವಿಭಕ್ತಿಯನ್ನು ಮಕ್ಕಳು ನೇರ ‘ಟು’ ಮಾಡುತ್ತಾರೆ. ಇಂಗ್ಲಿಷಿನ ‘ಟು’ ಇಲ್ಲಿ ದಿಕ್ಕನ್ನಷ್ಟೇ ಹೇಳುತ್ತದೆ: ‘ಲೀನ್ ಟು ದ ಲೆಫ್ಟ್’ ಅಂದರೆ ಎಡಕ್ಕೆ ವಾಲು. ಆಸರೆ ಸಿಕ್ಕಿದೆ ಎನ್ನಲು ‘ಅಗೇನ್ಸ್ಟ್’ ಇಲ್ಲವೇ ‘ಆನ್’ ಬೇಕು.

ಒಂದು ಕೋಲು, ಒಂದು ಹಸಿ ಬೇವಿನ ಕಡ್ಡಿ ಇದ್ದರೆ ಪಾಠಕ್ಕೆ ಸಾಕು. ಕೋಲನ್ನು ಓರೆಯಾಗಿ ಗೋಡೆಗೆ ಆನಿಸಿದರೆ ‘ಲೀನ್ ಅಗೇನ್ಸ್ಟ್’. ಕೈಯಲ್ಲೇ ಹಿಡಿದು ಕಿಟಕಿಯತ್ತ ವಾಲಿಸಿದರೆ ‘ಲೀನ್ ಟುವರ್ಡ್ಸ್’. ಬೇವಿನ ಕಡ್ಡಿ ನಡುವೆ ಬಾಗಿತೆಂದರೆ ಅದು ‘ಬೆಂಡ್’. ಮೇಜಿಗೆ ಮೊಣಕೈ ಊರಿ ಭಾರ ಬಿಟ್ಟರೆ ‘ಲೀನ್ ಆನ್’. ಕಷ್ಟದಲ್ಲಿ ಒಬ್ಬರನ್ನು ನೆಚ್ಚುವುದಕ್ಕೂ ಇದೇ ಮಾತು. ತೊಗರಿ ಚೀಲ ತಾನೇ ಗೋಡೆಗೆ ಆನಿಕೊಂಡಿದ್ದರೂ, ಹಮಾಲರು ಅದನ್ನು ಆನಿಸಿಟ್ಟರೂ ಕ್ರಿಯಾಪದ ಒಂದೇ. ಉರ್ದು ಮನೆಮಾತಿನವರಿಗೆ ‘ಟೇಕ್ ಲಗಾನಾ’ ಅಂದರೆ ಆಸರೆಯ ಅರ್ಥ ಥಟ್ಟನೆ ಹೊಳೆಯುತ್ತದೆ, ಆದರೆ ವಾಲುವ ಅರ್ಥಕ್ಕೆ ‘ಝುಕ್‌ನಾ’ ಹೇಳಬೇಕು.

ಪದದ ಮೂಲಕ್ಕೆ ಬಂದಾಗ ನಾನು ಅವಸರ ಮಾಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದು ‘ಹ್ಲಿಯೊನಿಯನ್’. ಮೊದಲ ಹಕಾರ ಮುಂದೆ ಬಿದ್ದುಹೋಯಿತು. ಇದೇ ಧಾತು ಗ್ರೀಕಿನಲ್ಲಿ ‘ಕ್ಲಿನೋ’, ಸಂಸ್ಕೃತದಲ್ಲಿ ‘ಶ್ರಿ’. ನೂರಕ್ಕೆ ಲ್ಯಾಟಿನ್ನಿನ ‘ಕೆಂಟುಮ್’, ಇಂಗ್ಲಿಷಿನ ‘ಹಂಡ್ರೆಡ್’, ಸಂಸ್ಕೃತದ ‘ಶತ’ ಪಕ್ಕಪಕ್ಕ ಬರೆದರೆ ಕ, ಹ, ಶಗಳ ಅದೇ ಹೊಂದಿಕೆ ಕಾಣುತ್ತದೆ. ‘ಶ್ರಿ’ಯಿಂದಲೇ ನಮ್ಮ ಆಶ್ರಯ, ಆಶ್ರಿತ. ಗೋಡೆಗೆ ಆನಿಸುವ ಏಣಿಗೆ ಇಂಗ್ಲಿಷಿನಲ್ಲಿ ‘ಲ್ಯಾಡರ್’, ಗ್ರೀಕಿನಲ್ಲಿ ‘ಕ್ಲಿಮಾಕ್ಸ್’, ನಮ್ಮ ನಿಚ್ಚಣಿಕೆಯ ಸಂಸ್ಕೃತ ಮೂಲ ‘ನಿಃಶ್ರೇಣಿ’. ಮೂರೂ ಈ ಧಾತುವಿನವೇ. ಗ್ರೀಕಿನ ‘ಕ್ಲಿನೆ’ ಅಂದರೆ ಒರಗುವ ಮಂಚ, ರೋಗಿಯ ಆ ಮಂಚದಿಂದ ‘ಕ್ಲಿನಿಕ್’ ಬಂತು. ಆಶ್ರಯವೂ ಕ್ಲಿನಿಕ್ಕೂ ಒಂದೇ ಬಳ್ಳಿಯವು ಎಂದು ತಿಳಿದ ಮಕ್ಕಳು ‘ಲೀನ್ ಆನ್’ ಮರೆಯುವುದಿಲ್ಲ.

ಭೂತಕಾಲಕ್ಕೆ ‘ಲೀನ್ಡ್’ ಎಲ್ಲೆಡೆ ನಡೆಯುತ್ತದೆ. ಬ್ರಿಟಿಷರ ‘ಲೆಂಟ್’ (leant) ರೂಪದ ಕಾಗುಣಿತದಲ್ಲಿ ‘a’ ಅಕ್ಷರ ಉಳಿಯುತ್ತದೆ. ಅದನ್ನು ಬಿಟ್ಟರೆ (lent) ಸಾಲ ಕೊಟ್ಟ ಎಂದಾಗುತ್ತದೆ, ಎರಡರ ಉಚ್ಚಾರವೂ ಒಂದೇ. ಕೊಬ್ಬಿಲ್ಲದ ಮಾಂಸಕ್ಕೆ ಹೇಳುವ ‘ಲೀನ್’ ಬೇರೆ ಪದ, ಅದನ್ನು ಅದೇ ದಿನ ಕಲಿಸಬಾರದು.