ಬೋಳಿಸಿದ ಪಮೇರಿಯನ್‌ಗೆ ಮತ್ತೆ ಕೂದಲು ಬರಿಸಿದ ನನ್ನ ಅನುಭವ

ಹೋದ ಭಾನುವಾರ ನನ್ನ ಪಮೇರಿಯನ್ ನಾಯಿ ಬೆಲ್ಲನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಕುವೆಂಪುನಗರದಲ್ಲಿ ನಾಯಿ ಸಾಕುವವರೊಬ್ಬರಿದ್ದಾರೆ. ಬೆಲ್ಲನನ್ನು ಮರಿಯಾಗಿದ್ದಾಗ ಕೊಂಡದ್ದು ಅವರಿಂದಲೇ. ಎರಡು ವರ್ಷದ ಹಿಂದೆ ಇದೇ ನಾಯಿಯನ್ನು ನೋಡಿ, "ಅಕ್ಕಾ, ಇದಕ್ಕೆ ಇನ್ನು ಕೂದಲು ಬರುವುದಿಲ್ಲ. ತೋಟದ ಮನೆಯವರಿಗೆ ಯಾರಿಗಾದರೂ ಕೊಟ್ಟುಬಿಡಿ, ಅರ್ಧ ಬೆಲೆಗೆ ಬೇರೆ ಮರಿ ಕೊಡುತ್ತೇನೆ" ಎಂದಿದ್ದರು. ಈ ಸಲ ಏನೂ ಮಾತಾಡದೆ ಅವನ ಬೆನ್ನಿನ ಮೇಲೆ ಕೈಯಿಟ್ಟರು. ಬೆರಳು ಎರಡನೆಯ ಗೆಣ್ಣಿನವರೆಗೆ ಮುಳುಗಿತು. "ಏನು ಹಾಕಿದಿರಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಪಮೇರಿಯನ್ ಸಾಕುವ ಬಹಳ ಜನ ನನಗೆ ಕೇಳಿದ್ದಾರೆ. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಆಯಿತು ಎಂದು ಕೂತಿದ್ದೇನೆ.

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಲ್ಲ ಬಂದದ್ದು 2021ರಲ್ಲಿ. ಹನ್ನೆರಡೋ ಹದಿಮೂರೋ ಸಾವಿರ ಕೊಟ್ಟ ನೆನಪು. ಆಲೆಮನೆಯಲ್ಲಿ ಆಗತಾನೆ ಅಚ್ಚಿನಿಂದ ಬಿಡಿಸಿದ ಬೆಲ್ಲದ ಬಣ್ಣವೇ ಅವನದು, ಹೆಸರು ಹುಡುಕಬೇಕಾಗಲಿಲ್ಲ. ಬೆಳೆದ ಮೇಲೆ ತೂಕ ಮೂರು ಕಿಲೋ ಚಿಲ್ಲರೆ.

ತಪ್ಪು ಆದದ್ದು 2023ರ ಏಪ್ರಿಲ್‌ನಲ್ಲಿ. ಬಿಸಿಲು ಏರಿತ್ತು, ಬಂದವರೆಲ್ಲ "ಪಾಪ, ಕಂಬಳಿ ಹೊದ್ದುಕೊಂಡ ಹಾಗಿದೆ, ಕೂದಲು ತೆಗೆಸಬಾರದೇ?" ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ರಾಜ ಎಂಬ ನಾಯಿ ಇದೆ. ಬಿಳಿ ಬಣ್ಣ, ಎಂಟು ಕಿಲೋ ತೂಕ. ಅದು ಇಂಡಿಯನ್ ಸ್ಪಿಟ್ಜ್; ನಮ್ಮ ಕಡೆ ಅದನ್ನೂ ಪಮೇರಿಯನ್ ಎಂದೇ ಕರೆಯುತ್ತಾರೆ. ರಾಜನಿಗೆ ಪ್ರತಿ ಬೇಸಿಗೆ ಕೂದಲು ತೆಗೆಯುವ ಮೆಷಿನ್ ಹಾಕಿಸುತ್ತಾರೆ, ಮಳೆಗಾಲದ ಹೊತ್ತಿಗೆ ಮೈ ತುಂಬಿಕೊಳ್ಳುತ್ತದೆ. ಅದನ್ನು ನೋಡಿಯೇ ನಾನು ಮೋಸಹೋದೆ. ಮೈಸೂರಿನ ಒಂದು ಗ್ರೂಮಿಂಗ್ ಅಂಗಡಿಗೆ ಕರೆದುಕೊಂಡು ಹೋಗಿ, ತುದಿ ಮಾತ್ರ ಕತ್ತರಿಸಿ ಎಂದು ಹೇಳಿ, ಚಹಾ ಕುಡಿದು ಬರುವಷ್ಟರಲ್ಲಿ ಹುಡುಗ ಚರ್ಮಕ್ಕೆ ಹತ್ತಿ ಮೆಷಿನ್ ಓಡಿಸಿಬಿಟ್ಟಿದ್ದ. ಒಂಬೈನೂರು ರೂಪಾಯಿ ತೆಗೆದುಕೊಂಡು "ಮೂರು ತಿಂಗಳಲ್ಲಿ ಬರುತ್ತದೆ ಆಂಟಿ" ಎಂದ.

ಮೂರು ತಿಂಗಳಾಯಿತು, ಐದಾಯಿತು. ತಲೆ, ಬಾಲ, ಮುಂಗಾಲಲ್ಲಿ ಕೂದಲಿತ್ತು. ಬೆನ್ನು, ಪಕ್ಕೆ, ತೊಡೆಯ ಹಿಂಭಾಗದಲ್ಲಿ ಮಾತ್ರ ಹಳೆಯ ದಿಂಬಿನಿಂದ ಕಿತ್ತ ಹತ್ತಿಯಂಥ ಒಳಗೂದಲು ಅಲ್ಲಲ್ಲಿ ಅಂಟಿಕೊಂಡಿತ್ತು. ಉದ್ದದ, ಬಿರುಸಾದ ಮೇಲ್ಗೂದಲು ಒಂದೂ ಇಲ್ಲ. ತೊಡೆಯ ಚರ್ಮ ಬೂದಿಬಣ್ಣಕ್ಕೆ ತಿರುಗಿ ಕಪ್ಪಾಗುತ್ತ ಬಂತು. ಬೀದಿಯವರು ಕಜ್ಜಿ ಎಂದುಕೊಂಡರು. ಬ್ಲೌಸ್ ಅಳತೆ ಕೊಡಲು ಬಂದವರು ಮಕ್ಕಳನ್ನು ಹೊಸ್ತಿಲ ಆಚೆಯೇ ನಿಲ್ಲಿಸುತ್ತಿದ್ದರು. ಅವನು ಬಾಲ ಅಲ್ಲಾಡಿಸಿಕೊಂಡು ಓಡಿಹೋಗಿ, ಯಾರೂ ಮುಟ್ಟದೆ, ವಾಪಸು ಬಂದು ನನ್ನ ಹೊಲಿಗೆ ಮೆಷಿನ್ ಪೆಡಲಿನ ಪಕ್ಕ ಮಲಗುತ್ತಿದ್ದ. ಆ ದಿನಗಳು ನನಗೆ ಮರೆಯುವುದಿಲ್ಲ.

ಮೊದಲು ಹಾಳುಮಾಡಿದ ದುಡ್ಡಿನ ಲೆಕ್ಕ ಹೇಳುತ್ತೇನೆ, ನೀವಾದರೂ ಉಳಿಸಿಕೊಳ್ಳಿ. ಕೊಬ್ಬರಿ ಎಣ್ಣೆಗೆ ಭೃಂಗರಾಜ ಕಾಯಿಸಿ ಎರಡು ತಿಂಗಳು ಹಚ್ಚಿದೆ. ಎಲ್ಲವನ್ನೂ ನೆಕ್ಕಿ ಭೇದಿ ಮಾಡಿಕೊಂಡ. ಮೈಗೆಲ್ಲ ಕಸ, ದಾರದ ಚೂರು ಮೆತ್ತಿಕೊಂಡಿತು. ಆಮೇಲೆ ಸಾಲ್ಮನ್ ಎಣ್ಣೆ, ಬಾಟಲಿಗೆ ಸಾವಿರದ ನಾನೂರರಂತೆ ಮೂರು ಬಾಟಲಿ. ಇದ್ದ ಕೂದಲಿಗೆ ಹೊಳಪು ಬಂತು, ಇಲ್ಲದ ಕಡೆ ಏನೂ ಬರಲಿಲ್ಲ. ಕೂದಲಿಗೆಂದು ಕೊಡುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಗೆ ಎರಡು ಸಾವಿರದ ಮೇಲೆ ಹೋಯಿತು. ಅದೇ ಹೊತ್ತಿಗೆ ಯಾರೋ ಹೇಳಿದರೆಂದು ದಿನಾ ಒಂದು ಹಸಿ ಮೊಟ್ಟೆ ಕೊಡುತ್ತಿದ್ದೆ. ಹಸಿ ಬಿಳಿಲೋಳೆ ಬಯೋಟಿನ್ ಅನ್ನು ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತದೆ ಎಂದು ವೈದ್ಯರು ಹೇಳಿದಾಗ ಗೊತ್ತಾಯಿತು: ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೆ. ಬೇಯಿಸಿ ಕೊಟ್ಟರೆ ತೊಂದರೆಯಿಲ್ಲ.

ಒಂದು ಮಾತನ್ನು ಮಾತ್ರ ಎಲ್ಲರೂ ನೆನಪಿಡಿ. ನಮ್ಮ ಓರಗಿತ್ತಿ ಈರುಳ್ಳಿ ರಸ ಹಚ್ಚು ಎಂದಳು, ಅವಳ ಕೂದಲಿಗೆ ಅದರಿಂದ ಗುಣವಾಗಿತ್ತಂತೆ. ರುಬ್ಬಿಯೂ ಆಗಿತ್ತು, ಬಟ್ಟಲು ಕೈಯಲ್ಲಿತ್ತು. ಹಚ್ಚುವ ಮುಂಚೆ ವೈದ್ಯರಿಗೆ ಒಂದು ಫೋನು ಮಾಡಿದೆ. "ಅಮ್ಮಾ, ಮೊದಲು ಅದನ್ನು ಚೆಲ್ಲಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅವನು ಅದನ್ನು ನೆಕ್ಕದೆ ಬಿಡುತ್ತಾನೆಯೇ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಈರುಳ್ಳಿ ಬುಟ್ಟಿ ಅಟ್ಟದ ಮೇಲೆ.

ಪರೀಕ್ಷೆಗಳಿಗೆ ಕೊಟ್ಟ ನಾಲ್ಕು ಸಾವಿರ ದಂಡವಾಗಲಿಲ್ಲ. ಚರ್ಮ ಕೆರೆದು ನೋಡಿದರು, ಹುಳವಿಲ್ಲ, ಬೂಷ್ಟಿಲ್ಲ. ರಕ್ತದಲ್ಲಿ ಥೈರಾಯ್ಡ್ ಸರಿಯಿತ್ತು. ಹಾಗಾದರೆ ಮೆಷಿನ್ ಹಾಕಿದ್ದಕ್ಕೇ ಕೂದಲಿನ ಬೇರು ಮಲಗಿಬಿಟ್ಟಿದೆ ಎಂದರು ವೈದ್ಯರು. ಪಮೇರಿಯನ್, ಹಸ್ಕಿ, ಚೌಚೌ ಥರದ ದಟ್ಟ ಜೋಡಿ ಕೂದಲಿನ ತಳಿಗಳಲ್ಲಿ ಇದು ಕಾಣುವ ತೊಂದರೆಯಂತೆ. ಏಳಲು ವರ್ಷವೂ ಹಿಡಿಯಬಹುದು, ಎರಡು ವರ್ಷವೂ ಹಿಡಿಯಬಹುದು. ಪಮೇರಿಯನ್‌ಗಳಿಗೇ ವಂಶದಲ್ಲಿ ಬರುವ ಇನ್ನೊಂದು ಬೋಳು ರೋಗವಿದೆ, ಅದಾಗಿದ್ದರೆ ಭರವಸೆ ಕಡಿಮೆ ಎಂದೂ ಹೇಳಿದರು. ಬೋಳಾಗಿದ್ದದ್ದು ಮೆಷಿನ್ ಓಡಿದ ಜಾಗ ಮಾತ್ರ, ಗೆರೆ ಎಳೆದ ಹಾಗೆ. ನಾನು ಆ ಗೆರೆಯನ್ನೇ ನಂಬಿಕೊಂಡೆ.

ಈಗ ಅಂಗಿಯ ವಿಷಯ. ಇದು ನನ್ನ ಕಸುಬು, ಇಲ್ಲಿಯೂ ಎರಡು ಸಲ ಎಡವಿದೆ. ಬೋಳು ಚರ್ಮಕ್ಕೆ ಬಿಸಿಲು ತಾಗಬಾರದೆಂದು ಬ್ಲೌಸಿನಲ್ಲಿ ಉಳಿದ ಪಾಪ್ಲಿನ್ ತುಂಡಿನಲ್ಲಿ ಅಂಗಿ ಹೊಲಿದೆ. ಹದಿನೈದು ದಿನಕ್ಕೆ ಕಂಕುಳಲ್ಲಿ ಇದ್ದ ಕೂದಲೂ ಉಜ್ಜಿ ಹೋಯಿತು, ಹೊಲಿಗೆಯ ಅಂಚು ಚರ್ಮಕ್ಕೆ ಕೆಂಪು ಗೆರೆ ಹಾಕಿತು. ಮುಂದಿನದನ್ನು ಸ್ಯಾಟಿನ್ ಲೈನಿಂಗ್‌ನಲ್ಲಿ ಮಾಡಿದೆ. ನುಣುಪು ಸರಿ, ಆದರೆ ಸೆಖೆ ತಡೆಯದೆ ಏದುಸಿರು ಬಿಟ್ಟ. ಮೂರನೆಯದು ಹಳೆಯ ಮಲ್ ಪಂಚೆಯದು. ಅದಕ್ಕೆ ಹೊಲಿಗೆಯ ಅಂಚನ್ನೆಲ್ಲ ಹೊರಗೆ ಬಿಟ್ಟೆ, ತೋಳು ಇಡಲಿಲ್ಲ, ಕಂಕುಳ ಸುತ್ತ ಎರಡು ಬೆರಳು ಸಡಿಲ, ಕಟ್ಟಲು ಹೊಟ್ಟೆಯ ಕೆಳಗೆ ಎರಡು ಲಾಡಿ. ಮನೆಯೊಳಗೆ ಅಂಗಿಯಿಲ್ಲ, ಹೊರಗೆ ಹೋದಾಗ ಮಾತ್ರ. ಇದು ಸರಿಹೋಯಿತು. ಆಮೇಲೆ ಊರಿನ ಆರೇಳು ನಾಯಿಗಳಿಗೆ ಇದೇ ಅಳತೆಯಲ್ಲಿ ಹೊಲಿದುಕೊಟ್ಟಿದ್ದೇನೆ, ನೂರೈವತ್ತಕ್ಕೊಂದು.

ನನಗೆ ದಾರಿ ತೋರಿಸಿದ್ದು ಒಂದು ಗಾಯ. ಡಿಸೆಂಬರ್‌ನಲ್ಲಿ ನಾಲೆ ಏರಿಯ ಮೇಲೆ ಹೋಗುತ್ತಿದ್ದಾಗ ಬೇಲಿಯ ತಂತಿ ತಗುಲಿ ಬಲ ಪಕ್ಕೆಯಲ್ಲಿ ಎರಡಂಗುಲ ಗೀರಾಯಿತು. ಹಕ್ಕಳೆ ಉದುರಿ ಒಂದೂವರೆ ತಿಂಗಳಿಗೆ ನೋಡಿದರೆ, ಬೋಳು ಪಕ್ಕೆಯ ನಡುವೆ ಅದೊಂದು ಗೀರಿನ ಉದ್ದಕ್ಕೆ ಮಾತ್ರ ಹೊಂಬಣ್ಣದ ಮೇಲ್ಗೂದಲು ಎದ್ದು ನಿಂತಿತ್ತು, ಕಸೂತಿ ಹಾಕಿದ ಹಾಗೆ! ಬೇರು ಸತ್ತಿಲ್ಲ ಎಂದು ನನಗೆ ಅಂದೇ ಖಾತ್ರಿಯಾಯಿತು. ಫೋಟೋ ತೋರಿಸಿದಾಗ ವೈದ್ಯರು ಆಶ್ಚರ್ಯಪಡಲಿಲ್ಲ. ಗಾಯವಾದ ಕಡೆ, ಪರೀಕ್ಷೆಗೆ ಚರ್ಮ ತೆಗೆದ ಕಡೆ ಹೀಗೆ ಬರುವುದು ಗೊತ್ತಿರುವ ಸಂಗತಿಯಂತೆ. ಅರಿವಳಿಕೆ ಕೊಟ್ಟು ಸಣ್ಣ ಸೂಜಿಗಳ ರೋಲರ್ ಓಡಿಸುವ ಚಿಕಿತ್ಸೆಯೂ ಇದೆ, ಅದು ಆಸ್ಪತ್ರೆಯ ಕೆಲಸ, ಮನೆಯಲ್ಲಿ ಸೂಜಿ ಮುಟ್ಟಬೇಡಿ ಎಂದು ಗದರಿದರು. ನಾನು ಸೂಜಿ ಮುಟ್ಟಲಿಲ್ಲ. ಮೆತ್ತನೆಯ ರಬ್ಬರ್ ಹಲ್ಲಿನ ಕೈಗವಸು ತಂದು, ನೂರೆಂಬತ್ತು ರೂಪಾಯಿ, ದಿನಾ ಬೆಳಿಗ್ಗೆ ರಾತ್ರಿ ಹತ್ತು ಹತ್ತು ನಿಮಿಷ ಬೋಳು ಜಾಗವನ್ನು ತಿಕ್ಕಿದೆ. ಚರ್ಮ ಬೆಚ್ಚಗಾಗಬೇಕು, ಕೆಂಪಾಗಬಾರದು. ವೈದ್ಯರು ಮೆಲಟೋನಿನ್ ಮಾತ್ರೆಯನ್ನೂ ಮೂರು ತಿಂಗಳು ಬರೆದುಕೊಟ್ಟರು. ಪ್ರಮಾಣ ನಿಮ್ಮ ವೈದ್ಯರೇ ಹೇಳಲಿ. ಮನುಷ್ಯರಿಗೆಂದು ಮಾರುವ ಚೀಪುವ ಮಾತ್ರೆಗಳನ್ನು ಕೊಡಲೇಬೇಡಿ, ಕೆಲವಕ್ಕೆ ಜೈಲಿಟಾಲ್ ಎಂಬ ಸಿಹಿ ಹಾಕಿರುತ್ತಾರೆ, ಅದು ನಾಯಿಗೆ ವಿಷ.

ಊಟವನ್ನೂ ಆಗಲೇ ಬದಲಿಸಿದೆ. ಅದುವರೆಗೆ ಮೊಸರನ್ನದ ಮೇಲೆಯೇ ಇದ್ದ. ಈಗ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ ಬೇಯಿಸಿದ ಕೋಳಿ, ಜೊತೆಗೆ ಸ್ವಲ್ಪ ಸಿಹಿಗುಂಬಳ, ವಾರಕ್ಕೆರಡು ದಿನ ಬೂತಾಯಿ ಮೀನು. ಸಾಲ್ಮನ್ ಎಣ್ಣೆಯಲ್ಲಿರುವ ಒಮೆಗಾ ಕೊಬ್ಬು ಬೂತಾಯಿಯಲ್ಲೂ ಧಾರಾಳ, ಕಿಲೋ ಇನ್ನೂರರ ಆಸುಪಾಸು. ಉಪ್ಪು, ಖಾರ, ಬೆಳ್ಳುಳ್ಳಿ ಏನೂ ಇಲ್ಲದೆ ಬೇಯಿಸಿ, ನಡುಮುಳ್ಳು ಬಿಡಿಸಿ ಕೊಡುತ್ತೇನೆ. ರಾಗಿಯನ್ನೂ ಒಂದು ತಿಂಗಳು ಪರೀಕ್ಷಿಸಿದೆ: ಅನ್ನದ ಬದಲು ರಾಗಿ ಅಂಬಲಿ. ಕೂದಲಿಗೆ ಏನೂ ಆಗಲಿಲ್ಲ, ಆದರೆ ಮಲ ಗಟ್ಟಿಯಾಯಿತು, ಮೂರೂವರೆ ಕಿಲೋಗೆ ಏರಿದ್ದ ತೂಕ ಮೂರು ಇನ್ನೂರಕ್ಕೆ ಇಳಿಯಿತು. ರಾಗಿಯನ್ನು ಉಳಿಸಿಕೊಂಡಿದ್ದೇನೆ.

ಮಾರ್ಚ್‌ನಲ್ಲಿ ಬೆನ್ನಿನ ಮೇಲೆ ಮೊದಲ ಮೇಲ್ಗೂದಲು ಕಂಡಿತು. ಜೂನ್ ಹೊತ್ತಿಗೆ ಮೈ ಮುಚ್ಚಿತು. ಬೋಳಿಸಿದ ದಿನದಿಂದ ಎಣಿಸಿದರೆ ಹದಿನಾಲ್ಕು ತಿಂಗಳು. ಸುಮ್ಮನಿದ್ದಿದ್ದರೂ ಬರುತ್ತಿತ್ತೇನೋ ಎಂದು ವೈದ್ಯರು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಹೆಚ್ಚು ಹೊತ್ತು ತಿಕ್ಕಿದ್ದು ಬಲ ಪಕ್ಕೆ, ಮೊದಲು ತುಂಬಿದ್ದೂ ಬಲ ಪಕ್ಕೆ. ಎಡ ಪಕ್ಕೆ ಆರು ವಾರ ತಡವಾಗಿ ಬಂತು. ಕಣ್ಣಾರೆ ನೋಡಿದ್ದು.

ಬಂದ ಕೂದಲನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಒಣ ಮೈಯನ್ನು ಬಾಚಬೇಡಿ, ತುದಿ ಮುರಿಯುತ್ತದೆ. ಮಕಮಲ್ ಬಟ್ಟೆ ಕತ್ತರಿಸುವಾಗ ಎಳೆ ಯಾವ ಕಡೆ ಮಲಗಿದೆ ಎಂದು ಅಂಗೈ ಸವರಿ ನೋಡುತ್ತೇವಲ್ಲ, ಇಲ್ಲಿಯೂ ಹಾಗೆಯೇ. ನೀರು ಸಿಂಪಡಿಸಿ, ಹೊಟ್ಟೆಯ ಕಡೆಯಿಂದ ಶುರುಮಾಡಿ, ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಚರ್ಮದ ಗೆರೆ ಕಾಣುವ ಹಾಗೆ ಬೈತಲೆ ತೆಗೆದು, ಒಂದೊಂದು ಸಾಲನ್ನೇ ಕೆಳಗೆ ಬಿಡುತ್ತ ಬಾಚುತ್ತೇನೆ. ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಹೋಗಬೇಕು. ಕಿವಿಯ ಹಿಂದೆ ಮತ್ತು ಕಂಕುಳಲ್ಲಿ ತಡೆಯುತ್ತದೆ; ಅಲ್ಲಿನ ಗಂಟನ್ನು ಬೆರಳಿಂದಲೇ ಬಿಡಿಸಬೇಕು. ಸಿಂಪಡಿಸುವ ನೀರಿಗೆ ಒಂದು ಸೊಪ್ಪು ನೆನೆಸಿಡುತ್ತೇನೆ. ಯಾವುದೆಂದು ಈಗ ಹೇಳುವುದಿಲ್ಲ. ಇನ್ನೆರಡು ನಾಯಿಗಳ ಮೇಲೆ ನೋಡುತ್ತಿದ್ದೇನೆ, ಅವಕ್ಕೂ ಒಗ್ಗಿದರೆ ಹೇಳುತ್ತೇನೆ. ಅವನು ಡ್ರೈಯರ್ ಕೆಳಗೆ ಇಪ್ಪತ್ತೈದು ನಿಮಿಷ ಅಲ್ಲಾಡದೆ ನಿಲ್ಲುವ ಗುಟ್ಟೂ ನನ್ನದೇ. ಸ್ನಾನ ಮೂರು ವಾರಕ್ಕೊಮ್ಮೆ, ಅದೂ ಕರೆಂಟು ಹೋಗುವ ಹೊತ್ತು ತಪ್ಪಿಸಿ, ಏಕೆಂದರೆ ಒಳಗೂದಲು ಒದ್ದೆ ಉಳಿದರೆ ಎರಡೇ ದಿನಕ್ಕೆ ಚರ್ಮ ಹುಣ್ಣಾಗಬಹುದು.

ಬಾಚಿದಾಗ ಬರುವ ಒಳಗೂದಲನ್ನು ನಾನು ಎಸೆಯಲಿಲ್ಲ. ಒಗೆದು ಒಣಗಿಸಿ ಡಬ್ಬಿಯಲ್ಲಿ ತುಂಬಿದೆ, ವರ್ಷಕ್ಕೆ ಕಾಲು ಕಿಲೋ ಹತ್ತಿರ ಆಯಿತು. ಅದನ್ನು ತುಂಬಿ ಹೊಲಿದ ದಿಂಬು ಮಳೆಗಾಲದಲ್ಲಿ ವಾಸನೆ ಬಂದು ಕೆಟ್ಟಿತು. ಆದರೆ ಹತ್ತಿಯ ಜೊತೆ ಸಮಪಾಲು ಬೆರೆಸಿ ತೊಡೆಯ ಮೇಲೆ ಹೊಸೆದರೆ ಒಳ್ಳೆಯ ದಾರ ಬಂತು. ಆ ದಾರದಲ್ಲಿ ನನ್ನ ಸ್ವೆಟರಿಗೆ ಐದು ಗುಂಡಿ ಹಾಕಿದ್ದೇನೆ. ಎರಡು ಚಳಿಗಾಲ ಕಳೆದರೂ ಒಂದೂ ಬಿಚ್ಚಿಲ್ಲ.

ಬೇಸಿಗೆಗೆ ಈಗ ಮೆಷಿನ್ ಇಲ್ಲ. ಅಂಗಾಲಿನ ಕೂದಲು, ಗುದದ ಸುತ್ತ, ಹೊಟ್ಟೆಯ ಕೆಳಗೆ ಸ್ವಲ್ಪ, ಅಷ್ಟೇ, ಅದೂ ನನ್ನ ಕತ್ತರಿಯಲ್ಲಿ. ಒಳಗೂದಲು ಬಾಚಿ ತೆಗೆದಿದ್ದರೆ ಮೇಲ್ಗೂದಲಿನ ನಡುವೆ ಗಾಳಿ ಆಡುತ್ತದೆ, ಬಿಸಿಲೂ ಚರ್ಮಕ್ಕೆ ತಾಗುವುದಿಲ್ಲ. ರೆಡ್ ಆಕ್ಸೈಡ್ ನೆಲ, ಮೂಲೆಯಲ್ಲಿ ನೆನೆಸಿದ ಗೋಣಿಚೀಲ, ಮಡಕೆಯ ನೀರು. ನಡಿಗೆ ಬೆಳಿಗ್ಗೆ ಆರಕ್ಕೆ ಮುಗಿಯಬೇಕು. ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿದ್ದೇನೆ. ಈ ತಳಿಗೆ ಶ್ವಾಸನಾಳ ಮೆತ್ತಗೆ, ಎಳೆದರೆ ಬಾತುಕೋಳಿಯ ಹಾಗೆ ಕೆಮ್ಮುತ್ತವೆ. ಕಬ್ಬಿನ ಗದ್ದೆ ಬದಿಯಲ್ಲಿ ರಕ್ತ ಹೀರುವ ಉಣ್ಣಿ ಹತ್ತುತ್ತದೆ, ತಿಂಗಳಿಗೆ ಆರುನೂರರ ಮಾತ್ರೆ ತಪ್ಪಿಸುವುದಿಲ್ಲ.

ಒಟ್ಟು ಖರ್ಚು ಇಪ್ಪತ್ತೈದು ಸಾವಿರ ದಾಟಿದೆ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಏಳೆಂಟು ಸಾವಿರದ್ದು ಮಾತ್ರ. ಎಡ ತೊಡೆಯ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಇನ್ನೂ ಬರೀ ಒಳಗೂದಲಿದೆ. ಸುತ್ತಲಿನ ಕೂದಲು ಮುಚ್ಚಿರುವುದರಿಂದ ಕುವೆಂಪುನಗರದವರಿಗೆ ಅದು ಕಾಣಲಿಲ್ಲ, ನಾನೇ ಬೈತಲೆ ತೆಗೆದು ತೋರಿಸಿದೆ. ಪ್ರತಿ ಭಾನುವಾರ ಅಲ್ಲಿ ಐದು ನಿಮಿಷ ಹೆಚ್ಚು ತಿಕ್ಕುತ್ತಿದ್ದೇನೆ.